ನೀನಿದ್ದೂ ಆ ಕಾಗದ ಗೆದ್ದಿತಲ್ಲ

ನೌಬಾದ, ಬೀದರ

ಪ್ರೀತಿಯ ಪುಸ್ತಕಶಾಲೆಯೇ,

ಇತ್ತ ನಾವು ಕ್ಷೇಮ. ಅತ್ತ ನಿನ್ನ ಕ್ಷೇಮಕ್ಕೆ ಪತ್ರ ಬರೆ ಅಂತ ಬರೆಯಲು ಕೈ ಏಳುತ್ತಿಲ್ಲ. ಚೌಬಾರಾ ದಾಟಿ ಕೋಟೆಯ ಕಡೆ ಹೋಗುವ ದಾರಿಯಲ್ಲಿ ನಿನ್ನ ಮನೆ ಇನ್ನೂ ನಿಂತಿದೆ. ಮಹಮೂದ್ ಗವಾನ್ ಮದರಸಾ ಅಂದರೆ ಸಾಕು, ನೌಬಾದದಿಂದ ಯಾವ ಆಟೋದವನಾದರೂ ಮತ್ತೊಂದು ಮಾತು ಕೇಳದೆ ಕರೆದೊಯ್ಯುತ್ತಾನೆ. ಮನೆ ಇದೆ, ನೀನಿಲ್ಲ. ಮೂರು ಅಂತಸ್ತು, ಎರಡು ಮಿನಾರುಗಳಲ್ಲಿ ಉಳಿದ ಒಂದು, ಅದರ ಮೈಮೇಲೆ ಅಲ್ಲಲ್ಲಿ ಅಂಟಿಕೊಂಡ ನೀಲಿ ಹಸಿರು ಹೆಂಚಿನ ಚೂರು. ಅಷ್ಟನ್ನೇ ನೋಡಿ, ಫೋಟೋ ತೆಗೆದುಕೊಂಡು, ಜನ ಕೋಟೆಗೆ ಹೋಗುತ್ತಾರೆ. ನಿನ್ನನ್ನು ಕೇಳುವವರು ಕಡಿಮೆ. ಅದಕ್ಕೇ ಈ ಪತ್ರ.

ನಿನಗೆ ಪತ್ರ ಬರೆಯುವುದು ಹಗುರದ ಕೆಲಸ ಅಲ್ಲ ಅಂತ ನನಗೆ ಗೊತ್ತು. ನಿನ್ನನ್ನು ಕಟ್ಟಿದ ಆ ಮನುಷ್ಯ ಪತ್ರ ಬರೆಯುವ ಕಲೆಯ ಮೇಲೆಯೇ ‘ಮನಾಜಿರ್ ಉಲ್ ಇನ್ಶಾ’ ಅಂತ ಗ್ರಂಥ ಬರೆದವನು. ಅವನ ಪತ್ರಗಳ ಸಂಕಲನ ‘ರಿಯಾಜ್ ಉಲ್ ಇನ್ಶಾ’ ಇವತ್ತಿಗೂ ಉಳಿದಿದೆ. ಹೆರಾತಿನ ಕವಿ ಜಾಮಿಗೆ ಇಲ್ಲಿಂದ ಪತ್ರ ಹೋಗುತ್ತಿತ್ತು, ಬೀದರಿಗೆ ಬಾ ಅಂತ. ಜಾಮಿ ಬರಲಿಲ್ಲ, ಆದರೆ ಸ್ನೇಹ ಉಳಿಯಿತು. ಅಂಥವನನ್ನು ಕೊಂದದ್ದೂ ಒಂದು ಪತ್ರವೇ. ಅವನು ಬರೆಯದ ಪತ್ರ.

ನಿನ್ನ ಮೇಲಿನ ನನ್ನ ಪ್ರೀತಿ, ಸಿಟ್ಟು ಎರಡೂ ಅಲ್ಲಿಂದಲೇ ಶುರು.

ಮೊದಲು ಪ್ರೀತಿಯ ಮಾತು ಹೇಳಿಬಿಡುತ್ತೇನೆ. ಚಿಕ್ಕಂದಿನಲ್ಲಿ ಅವ್ವ, ಆಯಿ ಉಸ್ಮಾನ್‌ಗಂಜಿಗೆ ಬಂದಾಗ ಬಿಸಿಲು ಇಳಿಯುವ ತನಕ ನಿನ್ನ ಮನೆಯಲ್ಲೇ ನಮ್ಮ ಠಿಕಾಣಿ. ಹೊರಗೆ ನೆಲ ಕಾದು ಕೆಂಡವಾಗಿದ್ದರೂ ಆ ದಪ್ಪ ಗೋಡೆಗಳ ಒಳಗೆ ತಂಪು. ಓದಲು ಬಂದವರು ಇರುತ್ತಿದ್ದ ಖೋಲಿಗಳಲ್ಲಿ ನಾವು ಮಕ್ಕಳು ಒಂದೊಂದನ್ನು ಹಿಡಿದು ಕೂರುತ್ತಿದ್ದೆವು. ಇಲ್ಲಿ ಮೂರು ಸಾವಿರ ಪುಸ್ತಕ ಇದ್ದವಂತೆ ಅಂತ ಯಾರೋ ಹೇಳಿದ್ದರು. ಮೂರು ಸಾವಿರ ಪುಸ್ತಕ ಒಟ್ಟಿಗೆ ಇದ್ದರೆ ಹೇಗಿರುತ್ತದೆ ಅಂತ ಊಹಿಸಲು ನಮ್ಮ ಶಾಲೆಯ ಒಂದೇ ಒಂದು ಕಬ್ಬಿಣದ ಕಪಾಟು ಬಿಟ್ಟರೆ ನಮಗೆ ಬೇರೇನೂ ಗೊತ್ತಿರಲಿಲ್ಲ. ಆದರೂ ಆ ಖಾಲಿ ಗೋಡೆಗಳ ಮುಂದೆ ನನಗೆ ಆಸೆ ಹುಟ್ಟಿತು. ಓದಬೇಕು ಅನ್ನುವ ಆಸೆ. ಅದನ್ನು ನನ್ನಲ್ಲಿ ಹಚ್ಚಿದ್ದು ಇಲ್ಲದ ನೀನು. ಇದ್ದ ಶಾಲೆಗಿಂತ ನಿನ್ನ ಋಣ ನನ್ನ ಮೇಲೆ ಹೆಚ್ಚು.

ಅಲ್ಲಿಯೇ ಕೂತು ಗವಾನನ ಕತೆ ಕೇಳಿದ್ದು. ದೊಡ್ಡವಳಾದ ಮೇಲೆ ಫರಿಷ್ತಾನ ಚರಿತ್ರೆಯ ಅನುವಾದ ಓದಿದೆ, ಎಚ್.ಕೆ. ಶೇರ್ವಾನಿ 1942ರಲ್ಲಿ ಗವಾನನ ಮೇಲೆ ಬರೆದ ಪುಸ್ತಕ ಹುಡುಕಿ ಓದಿದೆ. ಕತೆ ಅದೇ. ನಿನಗೆ ಗೊತ್ತಿರುವುದೇ ಆದರೂ ಇನ್ನೊಮ್ಮೆ ಹೇಳುತ್ತೇನೆ, ಕೇಳಿಸಿಕೋ. ಆ ಹೊತ್ತಿನಲ್ಲಿ ನೀನು ಬೀದರಿನಲ್ಲಿದ್ದೆ, ಅವನು ದೂರದ ಕೊಂಡಪಲ್ಲಿಯ ಬಿಡಾರದಲ್ಲಿದ್ದ.

ಇರಾನಿನ ಗೀಲಾನ್ ಪ್ರಾಂತ್ಯದಿಂದ ವ್ಯಾಪಾರಕ್ಕೆ ಬಂದವನು ಗವಾನ. ನಲವತ್ತು ದಾಟಿದ ಮೇಲೆ ಬೀದರ ಸೇರಿದ, ಇಲ್ಲಿಯವನೇ ಆದ, ಬಹಮನಿ ಸುಲ್ತಾನರ ವಜೀರನಾದ. 1472ರ ಹೊತ್ತಿಗೆ ನಿನ್ನ ಮನೆ ಕಟ್ಟಿ ಮುಗಿಸಿದ. ಆದರೆ ರಾಜ್ಯದಲ್ಲಿ ಅವನು ಮಾಡಿದ ಕೆಲಸ ಎಲ್ಲರಿಗೂ ಹಿಡಿಸಲಿಲ್ಲ. ನಾಲ್ಕು ಪ್ರಾಂತ್ಯಗಳನ್ನು ಎಂಟು ಮಾಡಿದ. ಒಬ್ಬೊಬ್ಬ ಸರದಾರನ ಕೈಯಲ್ಲಿ ಒಂದೇ ಕೋಟೆ ಬಿಟ್ಟು ಉಳಿದವನ್ನು ಸುಲ್ತಾನನ ಹತೋಟಿಗೆ ತಂದ. ಹೊಲ ಅಳೆಸಿದ. ಕೈಯಲ್ಲಿದ್ದುದು ಜಾರಿದವರಿಗೆ ಹೊಟ್ಟೆಕಿಚ್ಚು. ಅದರ ಮೇಲೆ ಇವನು ಹೊರಗಿನವನು. ದಖ್ಖನಿಯವರು ಒಂದು ಕಡೆ, ಸಮುದ್ರ ದಾಟಿ ಬಂದ ಅಫಾಕಿಗಳು ಇನ್ನೊಂದು ಕಡೆ ಅಂತ ದರಬಾರು ಮೊದಲೇ ಸೀಳಿತ್ತು.

ಗವಾನನ ಮುದ್ರೆ ಕಾಯುವವನಿಗೆ ಕುಡಿಸಿ, ಕೈ ಬೆಚ್ಚಗೆ ಮಾಡಿ, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರ ಮೇಲೆ ತಮಗೆ ಬೇಕಾದ ಅಕ್ಷರ ತುಂಬಿದರು: ಒಡಿಶಾದ ರಾಜನೇ, ದಂಡೆತ್ತಿ ಬಾ, ನಾನು ನಿನ್ನ ಕಡೆ ಇದ್ದೇನೆ ಅನ್ನುವ ಅರ್ಥದ ಮಾತು. ಅದನ್ನು ಸುಲ್ತಾನ ಮೂರನೆಯ ಮುಹಮ್ಮದನಿಗೆ ತೋರಿಸಿದರು. ಅವನೂ ಕುಡಿದಿದ್ದ. ಗವಾನನನ್ನು ಕರೆಸಿ ಕಾಗದ ಮುಂದಿಟ್ಟ. ಮುದ್ರೆ ನನ್ನದು, ಬರಹ ನನ್ನದಲ್ಲ ಅಂದ ಮುದುಕ. ಸುಲ್ತಾನ ಕೇಳಲಿಲ್ಲ. 1481ರ ಏಪ್ರಿಲ್ 5ರಂದು ಅಲ್ಲೇ ತಲೆ ಉರುಳಿತು.

ಸತ್ತ ಮೇಲೆ ಅವನ ಭಂಡಾರ ಶೋಧಿಸಿದರು. ಬಂಗಾರದ ರಾಶಿ ಇರುತ್ತದೆ ಅಂದುಕೊಂಡಿದ್ದವರಿಗೆ ಏನೂ ಸಿಗಲಿಲ್ಲ. ಬಂದದ್ದನ್ನು ಸೈನ್ಯಕ್ಕೆ, ಬಡವರಿಗೆ ಕೊಟ್ಟು, ತನ್ನ ಹೊಟ್ಟೆಗೆ ಮಾತ್ರ ಹಳೆಯ ವ್ಯಾಪಾರದ ಗಂಟಿನಿಂದ ಖರ್ಚು ಮಾಡುತ್ತಿದ್ದನಂತೆ. ಚಾಪೆಯ ಮೇಲೆ ಮಲಗಿ ಮಣ್ಣಿನ ಗಡಿಗೆಯ ಅಡುಗೆ ಉಣ್ಣುತ್ತಿದ್ದ ಅಂತ ಫರಿಷ್ತಾ ಬರೆಯುತ್ತಾನೆ. ಸುಲ್ತಾನನಿಗೆ ನಿಜ ತಿಳಿಯಿತು. ಪಶ್ಚಾತ್ತಾಪದಲ್ಲಿ ಬೆಂದ. ವರ್ಷ ತುಂಬುವ ಮೊದಲೇ ಅವನೂ ಹೋದ, ಮೂವತ್ತು ಮುಟ್ಟುವ ಮುಂಚೆ. ಸಂಚಿನ ಮುಂದಾಳು ಅಂತ ಚರಿತ್ರೆ ಹೆಸರಿಸುವ ಮಲಿಕ್ ಹಸನನನ್ನು ಕೆಲವೇ ವರ್ಷಗಳಲ್ಲಿ ಇದೇ ಬೀದರಿನಲ್ಲಿ ಕೊಂದರು. ಆಮೇಲೆ ರಾಜ್ಯ ಐದು ಹೋಳಾಯಿತು.

ನಿನ್ನ ಖೋಲಿಯಲ್ಲಿ ಕೂತು ನಾವು ಮಕ್ಕಳು ಜಗಳ ಆಡುತ್ತಿದ್ದೆವು, ತಪ್ಪು ಯಾರದು ಅಂತ. ‘ರಾಜಂದೇ ತಪ್ಪು’ ಅಂತ ಒಬ್ಬ. ‘ಮುದ್ರಿ ಒತ್ತಿದಾಂವಂದು’ ಅಂತ ಇನ್ನೊಬ್ಬ. ‘ಸೆರೀದು’ ಅಂತ ನಾನು. ಆಯಿ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಳ್ಳುತ್ತಿದ್ದವಳು ಕೊನೆಗೆ ಅಂದಳು: ‘ಅಲ್ರೋ, ಅಲ್ಲಿ ಸುಮ್ಮ ನಿಂತು ನೋಡಿದ್ರಲ್ಲ, ಅವರ ಹೆಸರು ಒಬ್ರೂ ಹೇಳ್ಲಿಲ್ಲ ನೀವು!’

ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಸಾಹಿತ್ಯ ಮಾಡುವ ಕೆಲಸವನ್ನು ಅವಳು ಒಂದೇ ಮಾತಿನಲ್ಲಿ ಮಾಡಿದ್ದಳು. ಚರಿತ್ರೆ ಯಾರು ಕೊಂದರು, ಯಾವತ್ತು ಕೊಂದರು ಅಂತ ಹೇಳಿ ನಿಲ್ಲುತ್ತದೆ. ಸಾಹಿತ್ಯ ಆ ಡೇರೆಯೊಳಗೆ ಹೋಗುತ್ತದೆ. ಮುದ್ರೆ ಒತ್ತುವಾಗ ಆ ಕಾವಲುಗಾರನ ಕೈ ನಡುಗಿತೋ ಇಲ್ಲವೋ, ಮಗುವಾಗಿದ್ದಾಗ ಸಿಂಹಾಸನ ಹತ್ತಿಸಿ ತನ್ನನ್ನು ಕಾಪಾಡಿದವರಲ್ಲಿ ಒಬ್ಬನಾದ ಮುದುಕನ ಮುಖ ನೋಡಿದಾಗ ಸುಲ್ತಾನನಿಗೆ ಒಳಗೆ ಏನಾಯಿತು, ಬಾಗಿಲಲ್ಲಿ ನಿಂತ ಸರದಾರರು ಯಾಕೆ ಕೆಮ್ಮಲೂ ಇಲ್ಲ. ಇದನ್ನೆಲ್ಲ ಕೇಳುತ್ತದೆ. ಕೇಳುತ್ತಾ ಕೇಳುತ್ತಾ ನಮ್ಮನ್ನೂ ಆ ಬಾಗಿಲಲ್ಲಿ ನಿಲ್ಲಿಸುತ್ತದೆ.

ಇನ್ನು ಸಿಟ್ಟಿನ ಮಾತು. ಬೇಜಾರು ಮಾಡಿಕೊಳ್ಳಬೇಡ.

ಆ ಸುಲ್ತಾನ ಓದದವನಾಗಿದ್ದರೆ ನಾನು ನಿನ್ನನ್ನು ದೂರುತ್ತಿರಲಿಲ್ಲ. ಆದರೆ ಬಹಮನಿ ಅರಸರಲ್ಲಿ ಫಿರೋಜ್ ಶಾಹನನ್ನು ಬಿಟ್ಟರೆ ಇವನಷ್ಟು ಓದಿದವನು ಬೇರೊಬ್ಬನಿಲ್ಲ ಅಂತ ಫರಿಷ್ತಾನೇ ಹೇಳುತ್ತಾನೆ. ಅರಮನೆಯಿಂದ ಕೂಗಳತೆಯಲ್ಲಿ ನೀನಿದ್ದೆ. ಅಸೂಯೆ ಏನು ಮಾಡುತ್ತದೆ, ಚಾಡಿ ಹೇಗೆ ಕೆಲಸ ಮಾಡುತ್ತದೆ, ದುಡುಕಿದ ದೊರೆಯ ಗತಿ ಏನಾಗುತ್ತದೆ ಅನ್ನುವುದು ಪಾರಸಿ, ಅರಬಿ ನೀತಿಗ್ರಂಥಗಳಲ್ಲಿ ತುಂಬಿ ತುಳುಕುತ್ತದೆ. ಸಿಂಹ ಮತ್ತು ಎತ್ತಿನ ನಡುವೆ ನರಿ ಚಾಡಿ ಹೇಳಿ ಸ್ನೇಹ ಮುರಿಯುವ ಕತೆ ನಮ್ಮ ದುರ್ಗಸಿಂಹನ ಪಂಚತಂತ್ರದಲ್ಲೂ ಇದೆ, ಅರಬಿಯ ‘ಕಲೀಲ ವ ದಿಮ್ನಾ’ದಲ್ಲೂ ಇದೆ. ಓದಿದ ಸುಲ್ತಾನನ ಕಿವಿಗೆ ಇಂಥದೊಂದು ಕತೆ ಬೀಳದೆ ಇದ್ದೀತೇ? ಕತೆಯಲ್ಲಿ ಮೋಸಹೋದ ಸಿಂಹವನ್ನು ನೋಡಿ ಅವನೂ ಮರುಗಿರಬೇಕು. ಆದರೂ ತನ್ನ ಮುಂದೆ ನರಿ ಬಂದು ನಿಂತಾಗ ಗುರುತು ಹತ್ತಲಿಲ್ಲ. ನೀನಿದ್ದೂ ಆ ಕಾಗದ ಗೆದ್ದಿತಲ್ಲ!

ಬಹಳ ದಿನ ಇದು ನನ್ನನ್ನು ಕಾಡಿತು. ಪುಸ್ತಕ ಮನುಷ್ಯನನ್ನು ತಿದ್ದುವುದಿಲ್ಲ ಅಂದರೆ ಪುಸ್ತಕ ಯಾಕೆ? ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ನಿನ್ನಲ್ಲಿ ಅಲ್ಲ. ನೌಬಾದದಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುವ ಕಲ್ಯಾಣದಲ್ಲಿ. ನಿನಗಿಂತ ಮುನ್ನೂರು ವರ್ಷ ಮೊದಲು ಅಲ್ಲಿ ಚರ್ಮ ಹದಮಾಡುವವರು, ಕಟ್ಟಿಗೆ ಹೊರೆ ಮಾರುವವರು, ಬಿದ್ದ ಅಕ್ಕಿ ಆಯುವವರು ಕೂತು ಮಾತಾಡಿದರು, ಆ ಮಾತು ವಚನವಾಯಿತು. ಆಯ್ದಕ್ಕಿ ಲಕ್ಕಮ್ಮನ ಕತೆ ನಿನ್ನ ಗೋಡೆಗಳವರೆಗೆ ಎಂದಾದರೂ ಬಂದಿತ್ತೇ? ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ. ಲಕ್ಕಮ್ಮ ಖುಷಿಪಡಲಿಲ್ಲ. ಈ ಆಸೆ ನಿಮಗೆ ಎಲ್ಲಿಂದ ಬಂತು, ಒಯ್ದು ಅಲ್ಲೇ ಸುರಿದು ಬನ್ನಿ ಅಂದಳು. ಒಂದು ಹಿಡಿ ಅಕ್ಕಿಯಲ್ಲಿ ದುರಾಸೆ ಕಂಡವಳು ಅವಳು. ಅದೂ ಎದುರುಮನೆಯವರ ದುರಾಸೆ ಅಲ್ಲ, ತನ್ನ ಮನೆಯದು.

ವಚನಕಾರರ ದೊಡ್ಡ ಗುಣ ನನಗೆ ಕಂಡದ್ದು ಇದೇ. ಲೋಕದ ಡೊಂಕನ್ನು ಬೈಯುತ್ತಾರೆ, ಆದರೆ ಬೈದು ಮುಗಿಸುವ ಹೊತ್ತಿಗೆ ಮಾತು ಅವರ ಕಡೆಗೇ ತಿರುಗಿರುತ್ತದೆ. ಬಸವಣ್ಣ ತನ್ನ ಮನಸ್ಸನ್ನು ತಾನೇ ಕಟಕಟೆಯಲ್ಲಿ ನಿಲ್ಲಿಸುತ್ತಾನೆ. ಬೇರೆಯವರ ತಪ್ಪು ತೋರಿಸುವ ಕತೆ ಓದಿ ನಾವು ಹಾಯಾಗಿ ಮಲಗಬಹುದು. ಇದು ನನ್ನ ಕತೆ ಅನ್ನಿಸಿದ ದಿನ ಮಾತ್ರ ಓದು ಕೈ ಹಿಡಿದು ನಿಲ್ಲಿಸುತ್ತದೆ. ಸುಲ್ತಾನ ಓದಿದ್ದ, ಆದರೆ ಅದನ್ನು ತನ್ನ ಕಡೆ ತಿರುಗಿಸಿಕೊಳ್ಳಲಿಲ್ಲ. ನಿನ್ನ ಗ್ರಂಥಗಳು ದೊರೆಗಳಿಗೆ ನೀತಿ ಹೇಳಿದವು. ನಾನೇ ತಪ್ಪಿರಬಹುದು ಅಂತ ದೊರೆಯ ಬಾಯಿಂದ ಹೇಳಿಸಲಾಗಲಿಲ್ಲ.

ಕಲ್ಯಾಣವೇನು ಉಳಿಯಿತೇ ಅಂತ ನೀನು ತಿರುಗಿ ಕೇಳಬಹುದು. ಉಳಿಯಲಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು ಅಂತ ಅಪ್ಪಂದಿರನ್ನು ಎಳೆಹೂಟೆಯ ಶಿಕ್ಷೆಗೆ ಕೊಟ್ಟರು. ಅರಸ ಬಿಜ್ಜಳನ ಕೊಲೆಯಾಯಿತು. ಶರಣರು ದಿಕ್ಕಾಪಾಲಾದರು. ಆದರೆ ಅದರ ಮುಂದೆ ಆದದ್ದನ್ನು ನೋಡು. ಕನ್ನಡ ಆ ಗಾಯವನ್ನು ಮುಚ್ಚಿಡಲಿಲ್ಲ. 1971ರಲ್ಲಿ ಲಂಕೇಶರು ‘ಸಂಕ್ರಾಂತಿ’ ಬರೆದರು. 1986ರಲ್ಲಿ ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ ಬಂತು. 1990ರಲ್ಲಿ ಗಿರೀಶ ಕಾರ್ನಾಡರ ‘ತಲೆದಂಡ’. ಕಾರ್ನಾಡರ ಬಿಜ್ಜಳ ಎಂಥ ಅರಸನಾದರೂ ಕ್ಷೌರಿಕರ ಕುಲದವನು ಅನ್ನುವ ಮಾತು ಅವನ ಚರ್ಮದಿಂದ ಹೋಗುವುದಿಲ್ಲ. ದುಡ್ಡು ಕೊಟ್ಟು ಕ್ಷತ್ರಿಯ ಅನ್ನಿಸಿಕೊಂಡರೂ ಹೋಗುವುದಿಲ್ಲ. ಆ ಮದುವೆಯ ಸುದ್ದಿ ಬಂದಾಗ ಅಲ್ಲಿ ಬಸವಣ್ಣನೂ ಒಂದು ಗಳಿಗೆ ಅಳುಕುತ್ತಾನೆ. ಒಳ್ಳೆಯವರಲ್ಲಿ ಇರುವ ಅಳುಕು, ಕೆಟ್ಟವರಲ್ಲಿ ಇರುವ ನೋವು, ಎರಡನ್ನೂ ಬಿಡದೆ ನೋಡಿದ ನಾಟಕ ಅದು. ಗವಾನನ ಡೇರೆಯನ್ನೂ ಅಷ್ಟು ಹತ್ತಿರದಿಂದ ನಮ್ಮ ರಂಗದ ಮೇಲೆ ನೋಡಬೇಕು ಅಂತ ನನಗೆ ಬಹಳ ಆಸೆ.

ಇನ್ನೊಂದು ಮಾತು. ನಿನ್ನ ಮನೆ ಕಟ್ಟುತ್ತಿದ್ದ ಹೊತ್ತಿಗೇ ರಷ್ಯಾದ ತ್ವೆರ್ ಊರಿನ ಅಫನಾಸಿ ನಿಕಿತಿನ್ ಅನ್ನುವ ವ್ಯಾಪಾರಿ ಬೀದರಿಗೆ ಬಂದಿದ್ದ. ಕುದುರೆ ಮಾರಲು ಬಂದವನು, ಕಂಡದ್ದನ್ನು ಬರೆದಿಟ್ಟ. ಸರದಾರರು ಬೆಳ್ಳಿಯ ಪಲ್ಲಕ್ಕಿಯಲ್ಲಿ ಮೆರೆಯುವುದನ್ನೂ ಹಳ್ಳಿಯ ಜನ ದಿಕ್ಕಿಲ್ಲದೆ ಬಡವಾಗಿರುವುದನ್ನೂ ಪಕ್ಕಪಕ್ಕದಲ್ಲೇ ಬರೆದ. ಅವನ ಟಿಪ್ಪಣಿ ನಿನ್ನ ಕಪಾಟಿಗೆ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಆದರೆ ನಿನ್ನ ಕಪಾಟಿನಲ್ಲಿದ್ದವು ಒಂದೂ ಇವತ್ತು ನಮ್ಮ ಕೈಯಲ್ಲಿಲ್ಲ, ಆ ಬಡ ವ್ಯಾಪಾರಿಯ ಟಿಪ್ಪಣಿ ಇದೆ. ನಮ್ಮೂರಿನ ಹೊಲದಲ್ಲಿ ದುಡಿದವರು ಹೇಗಿದ್ದರು ಅಂತ ತಿಳಿಯಲು ನಾನು ಅವನನ್ನೇ ಕೇಳಬೇಕಾಗಿದೆ. ಇದು ನನ್ನ ನೋವು.

ಈಗ ನಿನಗೆ ಹೇಳಲೇಬೇಕಾದ ಒಂದು ಸುದ್ದಿ. ಹೇಳಲು ನಾಚಿಕೆಯಾಗುತ್ತದೆ. 2018ರ ಜುಲೈ 13ರಂದು ನಮ್ಮ ಔರಾದ ಕಡೆಯ ಮುರ್ಕಿ ಊರಿನಲ್ಲಿ ಒಬ್ಬ ತರುಣನನ್ನು ಜನ ಹೊಡೆದು ಕೊಂದರು. ಹೈದರಾಬಾದಿನಿಂದ ಗೆಳೆಯರ ಜೊತೆ ಬಂದಿದ್ದ. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಮಾತು ಹುಟ್ಟಿತು. ವಾಟ್ಸಾಪಿನಲ್ಲಿ ಆ ಮಾತು ಕಾರಿಗಿಂತ ಜೋರಾಗಿ ಓಡಿತು. ಮುರ್ಕಿಯಲ್ಲಿ ದಾರಿ ಕಟ್ಟಿದರು. ಕಾರು ಉರುಳಿತು. ಅವರನ್ನು ಉಳಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಕಳ್ಳರಲ್ಲ, ಮಕ್ಕಳನ್ನು ಕಂಡು ಅಕ್ಕರೆಯಿಂದ ಕೊಟ್ಟವರು ಅನ್ನುವುದು ಆಮೇಲೆ ತಿಳಿಯಿತು. ಆಮೇಲೆ.

ಹೇಳು, ಕೊಂಡಪಲ್ಲಿಯ ಡೇರೆಗೂ ಮುರ್ಕಿಯ ರಸ್ತೆಗೂ ಏನು ವ್ಯತ್ಯಾಸ? ಅಲ್ಲಿ ಮುದ್ರೆಯೊತ್ತಿದ ಕಾಗದ, ಇಲ್ಲಿ ಮೊಬೈಲಿನ ಪರದೆ. ಅಲ್ಲಿ ಗೀಲಾನಿನಿಂದ ಬಂದವನು, ಇಲ್ಲಿ ಹೈದರಾಬಾದಿನಿಂದ ಬಂದವನು. ಹೊರಗಿನವನ ಮೇಲೆ ಕೆಟ್ಟ ಮಾತು ಬಂದರೆ ಮನುಷ್ಯನ ಮನಸ್ಸು ಅದನ್ನು ಸಾಕ್ಷಿ ಕೇಳದೆ ಒಳಗೆ ಬಿಟ್ಟುಕೊಳ್ಳುತ್ತದೆ. ಕೊಂದವರಲ್ಲಿ ಅಕ್ಷರ ಬಲ್ಲವರೇ ಇಲ್ಲದಿರಲು ಸಾಧ್ಯವೇ? ಆ ಸುದ್ದಿಯನ್ನು ಓದಿಯೇ ತಾನೇ ಅವರು ಓಡಿ ಬಂದದ್ದು! ಮಗುವನ್ನು ಕಾಪಾಡುತ್ತಿದ್ದೇವೆ ಅಂತಲೇ ಅವರು ನಂಬಿದ್ದರು. ಮನುಷ್ಯ ಅತಿ ಕ್ರೂರನಾಗುವುದು ತಾನು ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡಾಗ. ಇದನ್ನು ಯಾವ ಕಾನೂನೂ ನನಗೆ ಕಲಿಸಲಿಲ್ಲ, ಕತೆ ನಾಟಕಗಳೇ ಕಲಿಸಿದವು.

ನಿನ್ನ ಅಂತ್ಯದ ಬಗ್ಗೆಯೂ ನನಗೆ ಸಂಕಟ ಇದೆ. ಔರಂಗಜೇಬ ಬೀದರ ಗೆದ್ದ ಮೇಲೆ ನಿನ್ನ ಮನೆಯಲ್ಲಿ ಸೈನಿಕರನ್ನು ಇಳಿಸಿದರು, ಮದ್ದು ತುಂಬಿಟ್ಟರು. 1696ರಲ್ಲಿ ಅದು ಸಿಡಿದು ಕಟ್ಟಡದ ಮುಂಭಾಗ, ಒಂದು ಮಿನಾರು ನೆಲಸಮವಾದವು. ಸಿಡಿಲು ಬಡಿದು ಹಾಗಾಯಿತು ಅನ್ನುತ್ತಾರೆ. ಸಿಡಿಲಿನ ಮೇಲೆ ತಪ್ಪು ಹೊರಿಸುವುದು ಸುಲಭ. ಓದುವ ಜಾಗದಲ್ಲಿ ಮದ್ದು ಇಟ್ಟದ್ದು ಸಿಡಿಲಲ್ಲವಲ್ಲ.

ನಮ್ಮ ನೌಬಾದದ ನೆಲದಡಿ ಇನ್ನೊಂದು ಕಾಣೆಯಾಗಿತ್ತು, ನಿನಗೆ ನೆನಪಿರಬೇಕು. ಅದೇ ಪಾರಸಿ ಬಲ್ಲವರ ಕೈಯಿಂದ ಬಂದ ಕರೇಜ್, ನಾವು ಸುರಂಗ ಬಾವಿ ಅನ್ನುವುದು. ಜಂಬಿಟ್ಟಿಗೆ ಕಲ್ಲು ಕೊರೆದು ಕಿಲೋಮೀಟರುಗಟ್ಟಲೆ ನೀರು ಹರಿಸಿದ ದಾರಿ. ಕಸ, ಮಣ್ಣು ತುಂಬಿ ಯಾರಿಗೂ ಬೇಡವಾಗಿತ್ತು. ಕಳೆದ ದಶಕದಲ್ಲಿ ಹೂಳು ತೆಗೆಸಿದರು. ನೀರು ಮತ್ತೆ ಕಾಣಿಸಿತು. ಅದನ್ನು ನೋಡಲು ಇಳಿದ ದಿನ ನಿನ್ನ ನೆನಪಾಗಿ ಕಣ್ಣು ತುಂಬಿತು. ಕರೇಜ್ ಸಿಕ್ಕಿತು, ನೀನು ಸಿಗುವುದಿಲ್ಲ. ಹೂಳೆತ್ತಿದರೆ ಪುಸ್ತಕ ಬರುವುದಿಲ್ಲ.

ಆದರೆ ಓದು ಈ ನೆಲ ಬಿಟ್ಟು ಹೋಗಿಲ್ಲ ಅಂತ ನಿನಗೆ ತಿಳಿಸಬೇಕು. ನಿಜಾಮನ ಕಾಲದಲ್ಲಿ ಇಲ್ಲಿ ಕನ್ನಡ ಶಾಲೆ ನಡೆಸುವುದು ಕಷ್ಟವಿತ್ತು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದರು. ಉರ್ದುವಿನ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಅದೂ ನಮ್ಮ ಬೀದಿಯ ಮಾತೇ. ಆಳುವವರ ಭಯಕ್ಕೆ ಆ ಫಲಕ ಬೇಕಾಯಿತು, ಅಷ್ಟೆ. ಗವಾನನ ಕಾಗದದಲ್ಲಿ ಮುದ್ರೆ ಖರೆ, ಮಾತು ಸುಳ್ಳು. ಭಾಲ್ಕಿಯ ಶಾಲೆಯಲ್ಲಿ ಫಲಕ ಸುಳ್ಳು, ಪಾಠ ಖರೆ. ಹೊರಗೆ ಕಂಡದ್ದನ್ನು ನಂಬಿ ಒಳಗೆ ನೋಡದೆ ತೀರ್ಪು ಕೊಡುವವನಿಗೆ ಎರಡೂ ತಿಳಿಯುವುದಿಲ್ಲ. ಒಳಗೆ ನೋಡುವ ಅಭ್ಯಾಸಕ್ಕೇ ನಾನು ಸಾಹಿತ್ಯ ಅನ್ನುತ್ತೇನೆ.

ಊರ ಹೊರಗೆ ಗೋರನಳ್ಳಿಯಲ್ಲಿ ಗವಾನನ ಗೋರಿ ಇದೆ. ಅಲ್ಲಿಗೆ ಹೋದಾಗಲೆಲ್ಲ ನಾನು ಫರಿಷ್ತಾ ಹೇಳಿದ ಒಂದು ಸಣ್ಣ ಸಂಗತಿ ನೆನೆಯುತ್ತೇನೆ. ಕಾಗದ ಕೈಗೆ ಬಂದಾಗ ಸುಲ್ತಾನ ಅದನ್ನು ತಂದವರನ್ನು ಕರೆಸಿ ವಿಚಾರಿಸಲೇ ಇಲ್ಲ. ಒಂದೇ ಒಂದು ಪ್ರಶ್ನೆ, ಅದನ್ನು ಕೇಳಿದ್ದರೆ ಸಂಚು ಅಲ್ಲೇ ಮುರಿದು ಬೀಳುತ್ತಿತ್ತು. ಮುರ್ಕಿಯಲ್ಲಿಯೂ ಯಾರಾದರೂ ಒಬ್ಬರು ಗಟ್ಟಿಯಾಗಿ ಕೇಳಬೇಕಿತ್ತು.

ನಿನ್ನನ್ನು ಮತ್ತೆ ಕಟ್ಟುತ್ತೇವೆ ಅಂತ ಸುಳ್ಳು ಭರವಸೆ ಕೊಡಲಾರೆ. ಆದರೆ ಊರೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ, ಶಾಲೆಯ ಆ ಒಂದು ಕಬ್ಬಿಣದ ಕಪಾಟಿನ ಮುಂದೆ, ಮಕ್ಕಳನ್ನು ಕೂರಿಸಿಕೊಂಡು ಈ ಕತೆ ಓದಬಹುದು. ಓದಿ ಮುಗಿದ ಮೇಲೆ ‘ಗವಾನನನ್ನು ಕೊಂದವರು ಯಾರು’ ಅಂತ ಕೇಳಿ ಬಿಡಬಾರದು. ‘ಆ ಡೇರೆಯಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ’ ಅಂತ ಕೇಳಬೇಕು. ಈ ಕಾಗದ ತಂದವರು ಯಾರು, ಅವರನ್ನು ಮೊದಲು ಕರೆಸಿ ಅಂತ ಎದ್ದು ನಿಂತು ಹೇಳುವ ಒಂದು ಮಗು ಊರಿಗೊಂದು ಬೆಳೆದರೆ ಸಾಕು. ನಿನ್ನ ಋಣ ತೀರಿಸಲು ನನಗೆ ತೋಚಿದ ದಾರಿ ಇದೊಂದೇ, ಮತ್ತು ನಾನು ಅದನ್ನು ಮಾಡುತ್ತೇನೆ.

ಇತಿ ನಿನ್ನ,
ನೌಬಾದದ ಒಬ್ಬ ಓದುಗಿ